ಪಂಚೆಯ ಮಡ್‌ಗಾರ್ಡು

ಮೊಮ್ಮಗಳು ಉಗುರಿಗೆ ಬಣ್ಣ ಹಚ್ಚಿಕೊಳ್ಳುವಾಗ ನಾನು ಆ ಕೋಣೆಗೆ ಹೋಗುವುದಿಲ್ಲ. ಅವಳು ಅದನ್ನು ಮುದುಕನ ಮಡಿವಂತಿಕೆ ಎಂದುಕೊಂಡಿದ್ದಾಳೆ. ಹಾಗೇನೂ ಇಲ್ಲ. ಆ ಪುಟ್ಟ ಸೀಸೆಯ ಮುಚ್ಚಳ ತೆಗೆದ ಕೂಡಲೇ ತೀರಾ ಕಳಿತ ಬಾಳೆಹಣ್ಣಿನಂಥ ಒಂದು ವಾಸನೆ ಏಳುತ್ತದಲ್ಲ, ಅದು ಮೂಗಿಗೆ ಬಡಿದರೆ ನನಗೆ ಚಾಮರಾಜಪೇಟೆಯ ನಮ್ಮ ಹಿತ್ತಲು ನೆನಪಾಗುತ್ತದೆ. ಹಿತ್ತಲು ನೆನಪಾದರೆ ಆ ಬೀದಿ, ಬೀದಿ ನೆನಪಾದರೆ ಅಮಲ್ದಾರ್ ನಂಜುಂಡಯ್ಯನವರು. ಅವರು ನೆನಪಾದ ದಿನ ನನಗೆ ಊಟ ಸೇರುವುದಿಲ್ಲ. ಸತ್ತವರ ಬಗ್ಗೆ ಕೆಟ್ಟ ಮಾತಾಡಬಾರದು ಅನ್ನುತ್ತಾರೆ. ಅವರು ಬದುಕಿದ್ದಾಗಲೂ ನಾನು ಅವರ ಬಗ್ಗೆ ಒಳ್ಳೆಯ ಮಾತಾಡಿದವನಲ್ಲ, ಈಗ ಹೊಸದಾಗಿ ಶುರುಮಾಡುವುದಕ್ಕೆ ಕಾರಣ ಕಾಣುತ್ತಿಲ್ಲ.

ಅದು ಯುದ್ಧದ ಕಾಲ. ನಮ್ಮ ತಂದೆಯನ್ನು ನಾವು ಅಣ್ಣ ಎಂದು ಕರೆಯುತ್ತಿದ್ದೆವು. ಅವರು ಡಾಕ್ಟರು. ಮನೆಯ ಮುಂದಿನ ಕೋಣೆಯೇ ಅವರ ಷಾಪು. ಡಾಕ್ಟರು ಕೂರುವ ಜಾಗಕ್ಕೆ ಆಗ ಷಾಪು ಎಂದೇ ಹೆಸರು. ಅವರ ಹತ್ತಿರ ಒಂದು ಪುಟ್ಟ ಕಪ್ಪು ಇಂಗ್ಲಿಷ್ ಕಾರಿತ್ತು. ಪೆಟ್ರೋಲು ಸಿಗದೆ ಶ್ರೀಮಂತರ ಕಾರುಗಳೆಲ್ಲ ಬೆನ್ನಿಗೆ ಇದ್ದಿಲ ಒಲೆ ಕಟ್ಟಿಕೊಂಡು ಕೆಮ್ಮುತ್ತ ಓಡಾಡುತ್ತಿದ್ದ ದಿನಗಳಲ್ಲಿ ಡಾಕ್ಟರೆಂಬ ಕಾರಣಕ್ಕೆ ಅಣ್ಣನಿಗೆ ಮಾತ್ರ ಪೆಟ್ರೋಲಿನ ಕೂಪನ್ನು ಸಿಗುತ್ತಿತ್ತು. ಹಾಗಾಗಿ ಆ ಕಾರಿಗೆ ಬೀದಿಯಲ್ಲಿ ಅದರ ಗಾತ್ರಕ್ಕಿಂತ ದೊಡ್ಡ ಮರ್ಯಾದೆ.

ನಮ್ಮ ಕಡೆಯ ದೊಡ್ಡ ಮನುಷ್ಯರ ಒಂದು ಪದ್ಧತಿಯನ್ನು ಇಲ್ಲಿ ಹೇಳಬೇಕು. ಅವರಿಗೆ ಕಾಯಿಲೆಯಾದರೆ ಷಾಪಿಗೆ ಬರುವವರಲ್ಲ. ಡಾಕ್ಟರೇ ಮನೆಗೆ ಬರಬೇಕು, ಕಾರು ಬಾಗಿಲ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು, ಎದುರುಮನೆಯವರು ಕಿಟಕಿಯಿಂದ ನೋಡಬೇಕು. ನೆಗಡಿಯಾದರೂ ಹೀಗೇ. ಔಷಧ ತಗೊಂಡರೋ ಬಿಟ್ಟರೋ, ಕಾರು ನಿಂತಿದ್ದಂತೂ ನಾಲ್ಕು ದಿನ ಮಾತಾಗುತ್ತಿತ್ತು. ಅಣ್ಣ ಇದನ್ನೆಲ್ಲ ನೋಡಿ ನಗುತ್ತಿದ್ದರು. ಆದರೆ ನಮ್ಮ ಮನೆ ನಡೆಯುತ್ತಿದ್ದದ್ದು ಆ ಮನೆಗಳ ಫೀಸಿನಿಂದಲೇ. ಷಾಪಿನ ಬೆಂಚಿನ ಮೇಲೆ ಕೂತು ಕಾಯುವ ಬಡವರ ಹತ್ತಿರ ಅವರು ಏನೂ ಕೇಳುತ್ತಿರಲಿಲ್ಲ.

ಆ ವರ್ಷ ಮುಂಗಾರು ಶುರುವಾದ ಹೊಸದರಲ್ಲಿ ನಗರ್ತಪೇಟೆಯ ಒಂದು ಸಂದಿಯಲ್ಲಿ ಮೂಟೆ ಹೇರಿದ ಎತ್ತಿನ ಗಾಡಿಯೊಂದು ಹಿಂದಕ್ಕೆ ಸರಿದು ಕಾರಿನ ಎಡಗಡೆಯ ಮುಂದಿನ ಮಡ್‌ಗಾರ್ಡನ್ನು ಸೀಳಿಹಾಕಿತು. ತುಕ್ಕು ತಿಂದಿದ್ದ ತಗಡು, ಎರಡು ತುಂಡಾಯಿತು. ಹೊಸದು ಬೇಕೆಂದರೆ ಇಂಗ್ಲೆಂಡಿನಿಂದ ಬರಬೇಕು, ಅಲ್ಲಿಂದ ಬರುತ್ತಿದ್ದ ಹಡಗುಗಳಿಗೆ ಮಡ್‌ಗಾರ್ಡು ಹೊರುವುದಕ್ಕಿಂತ ಬೇರೆ ಕೆಲಸವಿತ್ತು. ಇಲ್ಲೇ ಹೊಸದು ಮಾಡಿಸೋಣವೆಂದರೆ ಉಕ್ಕಿನ ತಗಡೆಲ್ಲ ಮಿಲಿಟರಿ ಪಾಲು. ಗ್ಯಾರೇಜಿನವರು ಯುದ್ಧ ಮುಗಿಯಲಿ ಸ್ವಾಮಿ ಎಂದರು. ಅಣ್ಣ ಎಡಗಡೆಯ ಚಕ್ರ ಬೆತ್ತಲೆಯಾಗಿದ್ದ ಕಾರಿನಲ್ಲೇ ಓಡಾಡತೊಡಗಿದರು.

ಆಗ ನಮ್ಮ ಬೀದಿಯ ಬುದ್ಧಿ ಗೊತ್ತಾಯಿತು. ಎದುರುಸಾಲಿನಲ್ಲಿ ನಿವೃತ್ತ ಅಮಲ್ದಾರ್ ನಂಜುಂಡಯ್ಯನವರ ಮನೆ. ಬೆಳಗ್ಗೆಯಿಂದ ಸಂಜೆಯವರೆಗೆ ಜಗಲಿಯ ಮೇಲೆ ಒರಗುಕುರ್ಚಿ ಹಾಕಿಕೊಂಡು ಹೋಗಿಬರುವವರ ಮೇಲೆ ತೀರ್ಪು ಕೊಡುವುದು ಅವರ ಉದ್ಯೋಗ. ಪಿಂಚಣಿಯನ್ನು ಸರ್ಕಾರ ಅದಕ್ಕೇ ಕೊಡುತ್ತಿದೆಯೆಂದು ಅವರು ನಂಬಿದ್ದಂತಿತ್ತು. ಅವರು ಜಗಲಿಯಿಂದ ಹೊರಡಿಸಿದ ಮಾತು ಇದು: "ಡಾಕ್ಟರಿಗೆ ದೆಸೆ ನೆಟ್ಟಗಿಲ್ಲ ಅಂತ ಕಾಣತ್ತೆ. ಕಾರು ರಿಪೇರಿ ಮಾಡ್ಸೋಕೆ ಆಗ್ದೋರು ನಮ್ಮನ್ನೇನು ರಿಪೇರಿ ಮಾಡ್ತಾರೆ?"

ಈ ಮಾತು ಸಂಪಿಗೆ ರಸ್ತೆಯವರೆಗೂ ಹೋಗಿ ವಾಪಸು ಬಂತು. ಮೊದಲು ಕೈಬಿಟ್ಟವರು ಜವಳಿ ವ್ಯಾಪಾರಿ ಗುರುಶಾಂತಪ್ಪನವರು. ಅವರ ಮನೆಯ ಅಷ್ಟೂ ಹೆರಿಗೆ ಮಾಡಿಸಿದವರು ಅಣ್ಣ. ಗುರುಶಾಂತಪ್ಪನವರೇ ಷಾಪಿಗೆ ಬಂದು, ನಿಂತುಕೊಂಡೇ ಮಾತಾಡಿದರು.

"ತಪ್ಪು ತಿಳ್ಕೋಬೇಡಿ ಡಾಕ್ಟರೆ. ನಿಮ್ಮ ಕೈಗುಣದ ಮೇಲೆ ನಮಗೆ ಅನುಮಾನ ಇಲ್ಲ. ಆದ್ರೆ ಬೀಗರ ಮನೆಯೋರು ಎದುರುಗಡೇನೇ ಇದಾರೆ. ಆ ಕಾರು ನಮ್ಮ ಬಾಗಿಲಲ್ಲಿ ನಿಂತ್ರೆ ಅವರು ಏನಂದ್ಕೋತಾರೆ?"

"ನಡ್ಕೊಂಡು ಬರ್ತೀನಿ," ಎಂದರು ಅಣ್ಣ.

ಗುರುಶಾಂತಪ್ಪನವರಿಗೆ ನಿಜಕ್ಕೂ ಗಾಬರಿಯಾಯಿತು. "ಅಯ್ಯೋ, ಅದು ಇನ್ನೂ ಕಷ್ಟ," ಎಂದು ಹೊರಟುಹೋದರು. ಎರಡು ರಸ್ತೆಯಾಚೆ ಆಗಷ್ಟೇ ಷಾಪು ತೆರೆದಿದ್ದ, ಉದ್ದ ಕಾರಿನ ಹೊಸ ಡಾಕ್ಟರೊಬ್ಬರಿದ್ದರು. ಒಬ್ಬೊಬ್ಬರಾಗಿ ನಮ್ಮ ಕಡೆಯ ದೊಡ್ಡ ಮನುಷ್ಯರೆಲ್ಲ ಅತ್ತ ತಿರುಗಿದರು. ಆಷಾಢ ಕಳೆಯುವಷ್ಟರಲ್ಲಿ ಅಮ್ಮ ಸಾರಿಗೆ ಬೇಳೆ ಹಾಕುವುದನ್ನು ಕಮ್ಮಿ ಮಾಡಿದಳು. ಅಣ್ಣ ಸಂಜೆ ಷಾಪಿನಲ್ಲಿ ಒಬ್ಬರೇ ಕೂತು ಸ್ಟೆತಾಸ್ಕೋಪಿನ ರಬ್ಬರು ಒರೆಸುತ್ತಿದ್ದರು.

ನಾನು ಆಗ ಊರಾಚೆಯ ವಿಮಾನ ಕಾರ್ಖಾನೆಯಲ್ಲಿದ್ದೆ. ಸಣ್ಣ ವಿಮಾನಗಳ ರೆಕ್ಕೆಯೆಂದರೆ ಆಗ ಮರದ ಪಕ್ಕೆಲುಬು, ಅದರ ಮೇಲೆ ಬಟ್ಟೆ. ಆ ಬಟ್ಟೆಗೆ ಬಾಳೆಹಣ್ಣಿನ ವಾಸನೆಯ ಒಂದು ಅರಗು ಬಳಿಯುತ್ತಿದ್ದೆವು. ಒಣಗುತ್ತ ಒಣಗುತ್ತ ಅದು ಬಟ್ಟೆಯನ್ನು ಎಳೆದು ಮೃದಂಗದ ಚರ್ಮದಂತೆ ಬಿಗಿ ಮಾಡುತ್ತಿತ್ತು. "ಬಿ.ಎಸ್ಸಿ. ಓದಿ ದರ್ಜಿ ಕೆಲಸ," ಎಂದು ಅಮಲ್ದಾರರು ಜಗಲಿಯಿಂದಲೇ ನನಗೂ ತೀರ್ಪು ಕೊಟ್ಟಿದ್ದರು. ಮನೆಯಲ್ಲೇ ಕಾರಿನ ಭಾಗಗಳನ್ನು ಮಾಡುವುದು ನನಗೆ ಮೊದಲಿಂದಲೂ ಹುಚ್ಚು. ಹತ್ತುವ ಹಲಗೆ ಕೊಳೆತಾಗ ಹಲಸಿನ ಮರದಲ್ಲಿ ಮಾಡಿ ಕೂರಿಸಿದ್ದೆ. ಬಾಗಿಲ ಹಿಡಿ ಮುರಿದಾಗ ಹಳೆಯ ಹಿತ್ತಾಳೆ ನಲ್ಲಿಯನ್ನು ಅರದಲ್ಲಿ ಉಜ್ಜಿ ಉಜ್ಜಿ ಹಿಡಿ ಮಾಡಿದ್ದೆ. ಆದರೆ ಮಡ್‌ಗಾರ್ಡು ಬೇರೆ ಮಾತು. ಅದಕ್ಕೆ ಎಲ್ಲ ಕಡೆಯೂ ಬಾಗು, ಒಂದೇ ಒಂದು ನೇರ ಗೆರೆ ಇಲ್ಲ.

ಮೊದಲು ಸೀಮೆಎಣ್ಣೆ ಡಬ್ಬಗಳನ್ನು ಕತ್ತರಿಸಿ ಬೆಸೆದೆ. ದೂರದಿಂದ ಪರವಾಗಿಲ್ಲ ಎನ್ನುವಂತಿತ್ತು. ಕಾರು ಹೊರಟರೆ ಮಾತ್ರ ಬೀದಿಗೆಲ್ಲ ಕೇಳುವಂತೆ ಗಲಗಲ ಎನ್ನುತ್ತಿತ್ತು. "ಸೀಮೆಎಣ್ಣೆಯೋರು ಬಂದ್ರು, ಕ್ಯಾನು ತಗೊಂಬಾ," ಎಂದು ಅಮಲ್ದಾರರು ಹೆಂಡತಿಯನ್ನು ಕೂಗಿದರು. ಜಗಲಿಯಲ್ಲಿದ್ದವರೆಲ್ಲ ನಕ್ಕರು. ಆ ದಿನವೇ ಅದನ್ನು ಬಿಚ್ಚಿ ಹಿತ್ತಲಿಗೆ ಎಸೆದೆ.

ಡಬ್ಬದ ಮೇಲೆ ಕೂತು ಬೇಜಾರಿನಲ್ಲಿ ಒಣಹಾಕಿದ ಬಟ್ಟೆ ನೋಡುತ್ತಿದ್ದೆ. ಅಣ್ಣನ ಪಂಚೆ ಗಾಳಿಗೆ ಉಬ್ಬಿ ಒಂದು ಕ್ಷಣ ದುಂಡಗೆ ನಿಂತಿತು. ವಿಮಾನದ ರೆಕ್ಕೆಗೆ ಆಗುವುದು ಮಡ್‌ಗಾರ್ಡಿಗೆ ಯಾಕಾಗಬಾರದು ಅನ್ನಿಸಿತು.

ಕಾರ್ಖಾನೆಯ ಅರಗನ್ನು ಮುಟ್ಟುವ ಹಾಗಿರಲಿಲ್ಲ, ಮುಟ್ಟಲೂ ಇಲ್ಲ. ಅದರ ಜೀವಾಳ ಸಿನಿಮಾ ರೀಲಿನಲ್ಲೇ ಇದೆಯೆಂದು ನನಗೆ ಗೊತ್ತಿತ್ತು. ಉಪ್ಪಾರಪೇಟೆಯಲ್ಲಿ ಟಾಕೀಸುಗಳ ಹಿಂದಿನ ಗುಜರಿ ಅಂಗಡಿಯಲ್ಲಿ ಹರಿದ ರೀಲುಗಳನ್ನು ಬಳೆ ಮಾಡುವವರಿಗೆ ತೂಕಕ್ಕೆ ಮಾರುತ್ತಿದ್ದರು. ಒಂದು ಮೂಟೆ ಹೊತ್ತು ತಂದೆ. ಒಗೆಯುವ ಸೋಡಾ ಬೆರೆಸಿದ ಬಿಸಿನೀರಿನಲ್ಲಿ ಉಜ್ಜಿದರೆ ಚಿತ್ರವೆಲ್ಲ ಕರಗಿ ಗಾಜಿನಂಥ ಪಟ್ಟಿ ಉಳಿಯುತ್ತಿತ್ತು. ಊರೆಲ್ಲ ಬಾಯಿ ಬಿಟ್ಟು ನೋಡಿದ ರಾಜಕುಮಾರಿಯರು ನಮ್ಮ ಬಚ್ಚಲಿನ ಚರಂಡಿ ಸೇರಿದರು. ಅಣ್ಣನ ಗುರುತಿನ ಔಷಧದಂಗಡಿಯವರು ತರಿಸಿಕೊಟ್ಟ ದ್ರಾವಕದಲ್ಲಿ ಆ ಪಟ್ಟಿಗಳನ್ನು ನೆನೆಹಾಕಿದೆ. ಜೇನಿನ ಹದಕ್ಕೆ ಬಂತು.

ಕಾಂಪೌಂಡಿನಾಚೆ ನಿಂತು ಸಲಹೆ ಕೊಡುವವರಿಗೆ ಬರವಿರಲಿಲ್ಲ. ಬಲಗಡೆಯ ಮಡ್‌ಗಾರ್ಡಿನ ಮೇಲೆ ಮಣ್ಣು ಮೆತ್ತಿ ಅಚ್ಚು ತೆಗೆದುಬಿಡು ಎಂದು ಪ್ರತಿಯೊಬ್ಬನೂ ತಾನೇ ಮೊದಲು ಕಂಡುಹಿಡಿದವನಂತೆ ಹೇಳಿದ. ಬಲಗಡೆಯದರ ಅಚ್ಚಿನಿಂದ ಇನ್ನೊಂದು ಬಲಗಡೆಯದೇ ಹುಟ್ಟುತ್ತದೆ, ಎಡಗಡೆಯದಲ್ಲ ಎಂಬುದು ಇವರ ತಲೆಗೆ ಹೋಗುವಂತಿರಲಿಲ್ಲ. ನಾನು ಸೀಸದ ತಂತಿಯನ್ನು ಬಲಗಡೆಯ ಮಡ್‌ಗಾರ್ಡಿನ ಮೇಲೆ ಗೇಣಿಗೊಂದು ಕಡೆ ಒತ್ತಿ ಬಗ್ಗಿಸಿ, ಆ ಬಾಗನ್ನು ಹಲಗೆಯ ಮೇಲೆ ಮಗುಚಿ ಹಾಕಿ ಗೆರೆ ಎಳೆದುಕೊಂಡೆ. ಹಾಗೆ ಕೊಯ್ದ ಪಕ್ಕೆಲುಬುಗಳನ್ನು ಬೆತ್ತದ ಸೀಳಿನಿಂದ ಬಿಗಿದೆ. ಒಳಮೈಗೆ ಗೋಣಿ, ಹೊರಮೈಗೆ ಅಣ್ಣನ ಹಳೆಯ ಪಂಚೆ, ಪದರದ ಮೇಲೆ ಪದರ, ಪ್ರತಿ ಪದರಕ್ಕೂ ಅರಗು. ಶ್ರಾವಣದ ಮಳೆ ಕಾಟ ಕೊಟ್ಟಿತು. ಗಾಳಿಯಲ್ಲಿ ತೇವವಿದ್ದರೆ ಅರಗು ಬೂಷ್ಟು ಹಿಡಿದಂತೆ ಬೆಳ್ಳಗಾಗುತ್ತಿತ್ತು. ಉಪ್ಪುಕಾಗದದಲ್ಲಿ ಉಜ್ಜಿ, ಬಿಸಿಲಿಗೆ ಕಾದು, ಮತ್ತೆ ಬಳಿಯಬೇಕು. ಭಾನುವಾರಗಳೆಲ್ಲ ಅದರಲ್ಲೇ ಹೋದವು.

ಆ ವಾಸನೆ ಬೀದಿಗೆ ಹರಡಿತು. ಅಕ್ಕಿಗೂ ರೇಷನ್ನಿದ್ದ ಕಾಲ. "ಡಾಕ್ಟರ ಮನೇಲಿ ರಸಬಾಳೆ ಗೊನೆಗೊನೇನೇ ಬಚ್ಚಿಟ್ಟಿದಾರೆ, ರೋಗಿಗಳಿಲ್ಲ ಅನ್ನೋದೆಲ್ಲ ನಾಟಕ," ಎಂದು ಸುದ್ದಿಯಾಯಿತು. ಪಕ್ಕದ ಮನೆಯಾಕೆ ಹಿತ್ತಲ ಬಾಗಿಲಿಗೆ ಬಂದು, "ಮಗು ಹಣ್ಣು ಹಣ್ಣು ಅಂತಿದೆ," ಎಂದು ಕೈಯೊಡ್ಡಿದಳು. ಅಮ್ಮ ಅರಗಿನ ಡಬ್ಬ ತೆಗೆದು ತೋರಿಸಿದರೂ ಅವಳು ನಂಬಲಿಲ್ಲ.

ಕೊನೆಯ ಕಪ್ಪು ಬಣ್ಣ ಬಿದ್ದು ಒಣಗಿದ ಬೆಳಗ್ಗೆ ಅದನ್ನು ಕಾರಿಗೆ ಕೂರಿಸಿದೆ. ನನ್ನ ಕೆಲಸವನ್ನು ನಾನೇ ಹೊಗಳಬಾರದಂತೆ. ಬೇರೆ ಯಾರೂ ಹೊಗಳಲಿಲ್ಲವಾದ್ದರಿಂದ ನಾನೇ ಹೇಳುತ್ತೇನೆ: ತಗಡಿನದು ಯಾವುದು ಬಟ್ಟೆಯದು ಯಾವುದು ಎಂದು ಮಾಡಿದವನಿಗೂ ಗೊತ್ತಾಗದಂತಿತ್ತು. ಅಣ್ಣ ಸುತ್ತ ಬಂದು ನೋಡಿದರು, ಬಗ್ಗಿ ಅದರಲ್ಲಿ ತಮ್ಮ ಮುಖ ನೋಡಿಕೊಂಡರು.

"ಇದು ನನ್ನ ಪಂಚೆಯೇನೋ?"

"ಹೌದಣ್ಣ."

"ಬಟ್ಟೇದು ಅಂತ ಯಾರ ಹತ್ರಾನೂ ಬಾಯಿ ಬಿಡಬೇಡ ರಾಮು. ಇವರಿಗೆ ಗೊತ್ತಾದ್ರೆ ನನ್ನ ಔಷಧಾನೂ ಬಣ್ಣದ ನೀರು ಅಂತಾರೆ."

ಅವರ ಎಚ್ಚರಿಕೆ ಸರಿಯಾಗಿಯೇ ಇತ್ತು. ಅಮಲ್ದಾರರು ಜಗಲಿಯಿಂದ ಇಳಿದು ಬಂದು ಉಂಗುರದ ಬೆರಳಿನಿಂದ ಮಡ್‌ಗಾರ್ಡನ್ನು ಕುಟ್ಟಿ, ಕಿವಿಗೊಟ್ಟು ಕೇಳಿದರು. "ನೋಡಿ, ಇದು ಅಸಲಿ ಇಂಗ್ಲೆಂಡಿನ ಮಾಲು. ಆ ನಾದಾನೇ ಬೇರೆ. ನಮ್ಮೋರು ಸಾವಿರ ವರ್ಷ ಬಡಿದ್ರೂ ಹೀಗೆ ಬರಲ್ಲ," ಎಂದು ಕೂಡಿದವರಿಗೆ ವಿವರಿಸಿದರು. ನಾನು ಪಕ್ಕದಲ್ಲೇ ನಿಂತಿದ್ದೆ. ತಮ್ಮ ಜೀವಮಾನದಲ್ಲಿ ಇವರು ಎಷ್ಟು ಜಮೀನಿನ ತಕರಾರುಗಳನ್ನು ಹೀಗೇ ಕುಟ್ಟಿ ನೋಡಿ ತೀರ್ಮಾನ ಮಾಡಿರಬಹುದು ಎಂದು ಯೋಚಿಸುತ್ತಿದ್ದೆ.

ಗುರುಶಾಂತಪ್ಪನವರು ಅದೇ ವಾರ ಹೇಳಿಕಳಿಸಿದರು. ತಾಯಿಗೆ ಮಂಡಿನೋವಂತೆ, ಡಾಕ್ಟರು ಬರಬೇಕಂತೆ, ಕಾರಿನಲ್ಲೇ ಬರಬೇಕಂತೆ. ಉಳಿದವರೂ ಬಂದರು. ಅಣ್ಣ ಯಾರಿಗೂ ಒಂದು ಮಾತು ಅನ್ನಲಿಲ್ಲ, ಹೋದರು, ನೋಡಿದರು, ಬಂದರು. ಅಮ್ಮನ ಸಾರು ಮತ್ತೆ ಗಟ್ಟಿಯಾಯಿತು. ಇವರೆಲ್ಲ ಒಂದು ಪಂಚೆಗೆ ಕೈಮುಗಿಯುತ್ತಿದ್ದಾರೆ ಎಂದು ನಾನು ಒಳಗೊಳಗೇ ಹಿಗ್ಗುತ್ತಿದ್ದೆ.

ಹೀಗೇ ನವರಾತ್ರಿ ಬಂತು, ಆಯುಧಪೂಜೆಯೂ ಬಂತು. ಬೀದಿಯಲ್ಲಿ ಕಾರೆಂದರೆ ನಮ್ಮದೊಂದೇ, ಉಳಿದದ್ದೆಲ್ಲ ಸೈಕಲ್ಲು. ಕಾರನ್ನು ತೊಳೆದು, ಚೆಂಡುಹೂವಿನ ಹಾರ ಹಾಕಿ ಮನೆಯ ಮುಂದೆ ನಿಲ್ಲಿಸಿದೆವು. ಬೀದಿಯವರೆಲ್ಲ ಸೇರಿದರು. ಗುರುಶಾಂತಪ್ಪನವರೂ ಬಂದಿದ್ದರು. ಪುರೋಹಿತರು ಎಷ್ಟು ಹೊತ್ತಾದರೂ ಬರಲಿಲ್ಲ. ಇಂಥ ಸಂದರ್ಭ ಸಿಕ್ಕರೆ ಅಮಲ್ದಾರರು ಬಿಡುವವರೇ? ಶಲ್ಯ ಸೊಂಟಕ್ಕೆ ಸುತ್ತಿ ಮುಂದೆ ಬಂದು, ಚಕ್ರಗಳಿಗೆ ನಿಂಬೆಹಣ್ಣು ಇಟ್ಟು, ಗಾಜಿಗೆ ಕುಂಕುಮ ಬಳಿದರು. ಮಂತ್ರ ಗೊತ್ತಿಲ್ಲದ ಕಡೆ ಗಂಟಲು ಸರಿಮಾಡಿಕೊಂಡರು. ಆಮೇಲೆ ಒಂದು ವೀಳ್ಯದೆಲೆಯನ್ನು ತೆಗೆದು ಆ ಎಡಗಡೆಯ ಮಡ್‌ಗಾರ್ಡಿನ ಮೇಲಿಟ್ಟು, ಎಲೆಯ ಮೇಲೆ ಕರ್ಪೂರದ ದೊಡ್ಡ ಬಿಲ್ಲೆ ಇಟ್ಟರು.

ಆ ಕಾಲದ ಸಿನಿಮಾ ರೀಲು ಕಿಡಿ ತಾಗಿದರೆ ಮದ್ದಿನಂತೆ ಉರಿಯುತ್ತದೆಂದು ಗೊತ್ತಿದ್ದವನು ಅಲ್ಲಿ ನಾನೊಬ್ಬನೇ. ಮಡ್‌ಗಾರ್ಡಿನ ಮೇಲೆ ಜನ ಕೂರಬಹುದು, ಒದೆಯಬಹುದು, ದನ ಮೈ ಉಜ್ಜಬಹುದು, ಎಲ್ಲಕ್ಕೂ ನಾನು ತಯಾರಿ ಮಾಡಿದ್ದೆ. ಮಡ್‌ಗಾರ್ಡಿನ ಮೇಲೆ ಬೆಂಕಿ ಹಚ್ಚುವ ಜನ ನಮ್ಮ ಬೀದಿಯಲ್ಲಲ್ಲದೆ ಲೋಕದಲ್ಲಿ ಇನ್ನೆಲ್ಲಿದ್ದಾರು?

"ಅಲ್ಲಿ ಬೇಡ ಅಮಲ್ದಾರ್ರೆ, ತಟ್ಟೇಲೇ ಬೆಳಗಿಬಿಡಿ," ಎಂದೆ.

"ಯಾಕಯ್ಯ? ಹೊಸ ಭಾಗ ಬಂದಿದೆ, ಅದಕ್ಕೇ ಮೊದಲು ಆಗ್ಬೇಕು ಆರತಿ. ಕಬ್ಬಿಣಕ್ಕೆ ಕರ್ಪೂರದ ಭಯವೇ?"

"ಬಣ್ಣ ಹಾಳಾಗತ್ತೆ."

"ಇಂಗ್ಲೆಂಡಿನ ಬಣ್ಣಕ್ಕೆ ಏನೂ ಆಗಲ್ಲ. ನೀನು ಹಿಂದೆ ಸರಿ."

ನಾನು ಅಣ್ಣನ ಮುಖ ನೋಡಿದೆ. ಇದು ಬಟ್ಟೆ ಎಂದುಬಿಟ್ಟರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಗುರುಶಾಂತಪ್ಪನವರು ನಿಂತಿದ್ದರು, ವಾಪಸು ಬಂದ ಅಷ್ಟೂ ಮನೆಯವರು ನಿಂತಿದ್ದರು. ಅಣ್ಣನೇ ಒಂದು ಹೆಜ್ಜೆ ಮುಂದಿಟ್ಟು, "ಅಮಲ್ದಾರ್ರೆ, ತಡೀರಿ, ಅದು ಕಬ್ಬಿಣ ಅಲ್ಲ," ಎಂದರು. ಅಷ್ಟರಲ್ಲಿ ಅಮಲ್ದಾರರು ಕಡ್ಡಿ ಗೀರಿಯಾಗಿತ್ತು.

ಕರ್ಪೂರ ಹತ್ತಿತು, ಎಲೆ ಸುರುಟಿಕೊಂಡಿತು. ಆಮೇಲೆ ಬುಸ್ಸೆಂದು ಒಂದೇ ಉಸಿರಿಗೆ ಮಡ್‌ಗಾರ್ಡು ಪೂರ್ತಿ ಬೆಂಕಿಯಾಯಿತು. ಅಣ್ಣ ಅಮಲ್ದಾರರನ್ನು ರಟ್ಟೆ ಹಿಡಿದು ಎಳೆದುಕೊಂಡರು. ಹಾರ ಉರಿಯಿತು, ಜನ ಓಡಿದರು. ನಾನು ಕಳಶದ ನೀರು ಸುರಿಯುವ ಹೊತ್ತಿಗೆ ಉರಿಯಲು ಏನೂ ಉಳಿದಿರಲಿಲ್ಲ. ಚಕ್ರದ ಮೇಲೆ ನನ್ನ ಪಕ್ಕೆಲುಬುಗಳು ಹೊಗೆಯಾಡುತ್ತ ನಿಂತಿದ್ದವು. ಅಮಲ್ದಾರರ ಬಲಗೈ ಸುಟ್ಟಿತ್ತು, ಒಂದು ಹುಬ್ಬು ಹೋಗಿತ್ತು.

ಅಣ್ಣ ಅವರನ್ನು ಷಾಪಿನೊಳಗೆ ಕೂರಿಸಿ, ಮುಲಾಮು ಹಚ್ಚಿ, ಬೆರಳು ಬೆರಳಿನ ನಡುವೆ ಹತ್ತಿಯಿಟ್ಟು ಪಟ್ಟಿ ಕಟ್ಟಿದರು. ಅಷ್ಟು ನಯವಾಗಿ ಅವರು ಪಟ್ಟಿ ಕಟ್ಟಿದ್ದನ್ನು ನಾನು ನೋಡಿರಲಿಲ್ಲ. "ದಿನಾ ಬನ್ನಿ, ನಾನೇ ಬದಲಾಯಿಸ್ತೀನಿ," ಎಂದರು.

ಎಲ್ಲರೂ ಹೋದ ಮೇಲೆ ಅಣ್ಣ ಹೊರಗೆ ಬಂದು ಆ ಪಕ್ಕೆಲುಬುಗಳ ಮುಂದೆ ನಿಂತರು. ಬೈಯುತ್ತಾರೆಂದು ನಾನು ಕಾದೆ.

"ಪೂಜೆ ಮಾಡೋ ತನಕ ಚೆನ್ನಾಗೇ ಇತ್ತಲ್ಲೋ," ಎಂದರು.

ಡಾಕ್ಟರ ಕಾರು ಪಂಚೆ ಉಟ್ಟಿತ್ತಂತೆ ಎಂಬ ನಗೆಮಾತು ವಿಜಯದಶಮಿಯ ಬನ್ನಿಯ ಜೊತೆಯಲ್ಲೇ ಮನೆಮನೆಗೆ ಹೋಯಿತು. ಅಣ್ಣ ಅಮಲ್ದಾರರ ಜೀವ ಉಳಿಸಿದ ಮಾತು ಒಬ್ಬನ ಬಾಯಲ್ಲೂ ಬರಲಿಲ್ಲ. ಗುರುಶಾಂತಪ್ಪನವರು ಈ ಸಲ ಹೇಳುವುದಕ್ಕೂ ಬರಲಿಲ್ಲ. ಉಕ್ಕಿಗೆ ನಮಸ್ಕಾರ ಹಾಕಿ ಬಟ್ಟೆಗೆ ನಗುವ ಇವರೆಲ್ಲ ಮಾನ ಮುಚ್ಚಿಕೊಳ್ಳುವುದು ಯಾವುದರಿಂದ ಎಂದು ಕೇಳಬೇಕೆನಿಸುತ್ತಿತ್ತು. ಕೇಳಿದ್ದರೂ ಅವರಿಗೆ ತಿಳಿಯುತ್ತಿರಲಿಲ್ಲ. ಬೆಂಕಿ ಹತ್ತದ ಹಾಗೆ ಇನ್ನೊಂದು ಮಾಡುತ್ತೇನೆ ಎಂದೆ. ಅಣ್ಣ ಬೇಡ ಬಿಡು ಎಂದರು. ಷಾಪಿನ ಬೆಂಚಿನ ಮೇಲೆ ಬಡವರು ಮಾತ್ರ ಉಳಿದರು. ಅಣ್ಣನ ಕೆಲಸ ಆಮೇಲೆ ಯಾವತ್ತೂ ಮೊದಲಿನಂತಾಗಲಿಲ್ಲ. ಮನೆಯನ್ನು ನನ್ನ ಸಂಬಳವೇ ನಡೆಸಿತು. ಅವರು ಅದರ ಬಗ್ಗೆ ಒಂದು ದಿನವೂ ಕೊರಗಲಿಲ್ಲ, ನಾನು ಅವರ ಪಾಲಿನದನ್ನೂ ಸೇರಿಸಿ ಇವತ್ತಿಗೂ ಕೊರಗುತ್ತಿದ್ದೇನೆ.

ದಸರೆ ಕಳೆದು ಹಿಂಗಾರು ಹಿಡಿಯಿತು. ಮಿಲಿಟರಿ ಲಾರಿಗಳು ಓಡಾಡಿ ರಸ್ತೆಯೆಲ್ಲ ಗುಂಡಿ, ಗುಂಡಿಯ ತುಂಬ ಕೆಂಪು ನೀರು. ಒಂದು ಮಧ್ಯಾಹ್ನ ಗವಿಪುರದ ಕಡೆಯ ಒಂದು ಗುಡಿಸಲಿನಿಂದ ಜ್ವರ ಜಾಸ್ತಿ ಎಂದು ಕರೆ ಬಂತು. ನಾನೂ ಜೊತೆಗೆ ಹೊರಟೆ. ಮಳೆ ಆಗಷ್ಟೇ ನಿಂತಿತ್ತು. ಅಮಲ್ದಾರರು ಇಸ್ತ್ರಿ ಮಾಡಿದ ಬಿಳಿ ಪಂಚೆ, ಜರಿ ಪೇಟ ಧರಿಸಿ ಯಾವುದೋ ಮದುವೆಗೆ ಹೊರಟವರು ರಸ್ತೆಯ ಅಂಚಿನಲ್ಲಿ ಜಟಕಾಕ್ಕೆ ಕಾಯುತ್ತಿದ್ದರು. ಬಲಗೈಯಲ್ಲಿ ಪಟ್ಟಿ ಇತ್ತು. ನಮ್ಮ ಕಾರಿನ ಬೆತ್ತಲೆ ಚಕ್ರ ಕಂಡು ಪಕ್ಕದವರಿಗೆ ಏನೋ ಹೇಳಿ ನಕ್ಕರು.

ಅಣ್ಣ ಕಾರನ್ನು ನಿಧಾನ ಮಾಡಿ ಅವರ ಕೈಯನ್ನೇ ನೋಡಿದರು.

"ಆ ಗಂಟು ನಂದಲ್ಲ," ಎಂದರು.

ಹೌದು, ಅದು ಬೇರೆ ಕಟ್ಟು. ಮನುಷ್ಯ ಪಟ್ಟಿ ಬದಲಾಯಿಸಿಕೊಳ್ಳಲು ಉದ್ದ ಕಾರಿನ ಡಾಕ್ಟರ ಹತ್ತಿರ ಹೋಗಿದ್ದರು. ರೋಗಿಗಳು ಬಿಟ್ಟುಹೋದಾಗ, ಮಡ್‌ಗಾರ್ಡು ಉರಿದಾಗ, ಊರು ನಕ್ಕಾಗ ಏನೂ ಆಗದಿದ್ದ ಅಣ್ಣನ ಮುಖ ಆಗ ಬಿಗಿಯಿತು.

"ಎಡಗಡೇದೇ ಅಲ್ವೇನೋ ಸುಟ್ಟುಹೋಗಿದ್ದು?"

"ಹೌದಣ್ಣ."

"ಅವರು ನಿಂತಿರೋದೂ ಎಡಗಡೇನೇ."

ಸ್ಟಿಯರಿಂಗನ್ನು ಒಂದಿಷ್ಟೇ ತಿರುಗಿಸಿದರು, ಕಾಲನ್ನು ಒಂದಿಷ್ಟೇ ಒತ್ತಿದರು. ಚಕ್ರ ಗುಂಡಿಗೆ ಇಳಿದು ಎದ್ದಿತು. ಮಡ್‌ಗಾರ್ಡು ಯಾತಕ್ಕೆ ಇರುತ್ತದೆ ಎಂದು ನಮ್ಮ ಬೀದಿಗೆ ಆವತ್ತು ಮೊದಲ ಸಲ ತಿಳಿಯಿತು. ಪೇಟದಿಂದ ಪಾದದವರೆಗೆ ಕೆಂಪಗೆ ಒದ್ದೆಯಾಗಿ, ಬಾಯಿ ತೆರೆದು, ಮಾತು ಹೊರಡದೆ ಅಮಲ್ದಾರರು ನಿಂತಿದ್ದರು. ಅವರು ಮಾತಿಲ್ಲದೆ ನಿಂತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ನನ್ನ ಅಂಗಿಗೂ ಕೆಸರು ಹಾರಿತ್ತು, ಅದನ್ನು ಒರೆಸಿಕೊಳ್ಳುವ ಮನಸ್ಸಾಗಲಿಲ್ಲ. ತಿರುವು ದಾಟಿದ ಮೇಲೆ ಅಣ್ಣ ನಗಲು ಶುರುಮಾಡಿದರು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು. ಆ ವರ್ಷವೆಲ್ಲ ಅವರು ಹಾಗೆ ನಕ್ಕಿರಲಿಲ್ಲ, ನನಗೂ ಆ ವರ್ಷವೆಲ್ಲ ಅಷ್ಟು ಸಂತೋಷವಾಗಿರಲಿಲ್ಲ.

ಯುದ್ಧ ಮುಗಿದು, ಹಡಗುಗಳು ಮತ್ತೆ ಬಂದು, ಅಸಲಿ ಇಂಗ್ಲೆಂಡಿನ ಮಡ್‌ಗಾರ್ಡು ಅಂಗಡಿಯಲ್ಲಿ ಸಿಗುವ ಕಾಲ ಬಂತು. ತಂದು ಹಾಕಲೇ ಎಂದು ಅಣ್ಣನನ್ನು ಕೇಳಿದೆ. ಅವರು ಕಿಟಕಿಯಿಂದ ಎದುರುಸಾಲಿನ ಜಗಲಿಯತ್ತ ಒಮ್ಮೆ ನೋಡಿದರು.

"ಈಗ್ಲೇ ಯಾಕೋ? ಅಮಲ್ದಾರ್ರು ಇನ್ನೂ ಇದಾರಲ್ಲ," ಎಂದರು.